ಸುಣ್ಣದ ಕೆಳಗಿನ ಹೆಸರು

ಉಪ್ಪಿನ ಮನೆಯ ಹೆಸರನ್ನು ನೀವು ಕದ್ದಿದ್ದೀರಿ. ಹೊಸ ಕೇರಿಯಲ್ಲಿ ಉಪ್ಪಿನಕಾಯಿ ಭರಣಿ ಇಟ್ಟುಕೊಂಡ ಒಂದು ಕೋಣೆಯ ಗೋಡೆಯ ಮೇಲೆ ‘ಉಪ್ಪು’ ಎಂದು ಬರೆದುಕೊಂಡಿದ್ದೀರಿ. ಊರ ಗೋಡೆಗಳಿಗೆ ಹೆಸರು ಬರೆಯುವ ನನ್ನನ್ನು ಕೇಳಲಿಲ್ಲ, ನೀವೇ ಬರೆದಿರಿ, ಅಕ್ಷರ ಸೊಟ್ಟಗಿದೆ. ಆ ಕೋಣೆಯಲ್ಲಿರುವುದು ಭರಣಿಯ ತಳದಲ್ಲಿ ಉಳಿದ ಒಂದು ಹಿಡಿ ಉಪ್ಪು. ಹಳೆ ಬೀದಿಯಲ್ಲಿ ಉಪ್ಪಿನವನು ಇಪ್ಪತ್ತೊಂಬತ್ತು ಬೆಳಗಿನಿಂದ ಹೊಸ್ತಿಲ ಮೇಲೆ ನಿಂತಿದ್ದಾನೆ. ಒಬ್ಬರ ಕರೆಯೂ ಅವನನ್ನು ಮುಟ್ಟಿಲ್ಲ. ನಲವತ್ತು ತುಂಬಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಗೊತ್ತಿದ್ದೂ ಬರೆದಿರಿ.

ಗೊತ್ತಿಲ್ಲ ಎನ್ನುವ ಎಳೆಯರೂ ಊರಲ್ಲಿದ್ದಾರೆ. ಅವರಿಗಾಗಿ ಹೇಳುತ್ತೇನೆ. ಇದು ಮೊದಲ ಸಲವಲ್ಲ. ಹಿಂದೊಮ್ಮೆ ಹೀಗೇ ಆಗಿತ್ತು. ಆಗ ಬರೆದ ಕೈ ನನ್ನದೇ.

ನಮ್ಮ ಊರಿನ ಪದ್ಧತಿ ಇದು. ಒಂದು ಮನೆಗೆ ಒಂದೇ ಕೆಲಸ. ಊರೆಲ್ಲ ಸೇರಿ ದಿನಕ್ಕೊಂದು ದೋಣಿ ಕಟ್ಟುತ್ತೇವೆ. ಅದರಲ್ಲಿ ಒಂದು ಬುತ್ತಿ ಇಟ್ಟು ಸಂಜೆ ನದಿಗೆ ಬಿಡುತ್ತೇವೆ. ಆಚೆ ದಡದಲ್ಲಿ ಯಾರಿದ್ದಾರೋ ನಾವು ನೋಡಿಲ್ಲ. ದೋಣಿ ಹಿಂದಿರುಗದಿದ್ದರೆ ತಲುಪಿತು ಎಂದು ಅರ್ಥ. ನಮ್ಮ ಬದುಕಿಗೆ ಅಷ್ಟು ಅರ್ಥ ಸಾಕಾಗಿತ್ತು.

ಯಾವ ಮನೆಯೂ ಒಂಟಿಯಾಗಿ ತೆರೆಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಮನೆಯವರು ಹೊಸ್ತಿಲ ಮೇಲೆ ನಿಂತು, ತಮಗೆ ಬೇಕಾದ ಮನೆಗಳ ಹೆಸರು ಹಿಡಿದು ಕರೆಯಬೇಕು. ಕರೆಸಿಕೊಂಡ ಮನೆ ಮೊದಲು ತೆರೆದು ಬೇಕಾದದ್ದನ್ನು ತಂದುಕೊಡಬೇಕು, ಆಮೇಲೆ ಕರೆದ ಮನೆ ತೆರೆಯಬೇಕು. ನೀರು ತೆರೆದ ಮೇಲೆ ಮಣ್ಣು. ಮಣ್ಣು ತೆರೆದ ಮೇಲೆ ಗಡಿಗೆ. ಗಡಿಗೆ ತೆರೆದ ಮೇಲೆ ಅಡುಗೆ. ಅಡುಗೆ ತೆರೆದ ಮೇಲೆ ಬುತ್ತಿ. ಕಣ್ಣು ಮುಚ್ಚಿ ಹಾಸಿಗೆಯಲ್ಲಿ ಮಲಗಿದ್ದರೂ, ಒಂದರ ಹಿಂದೊಂದು ಅಗುಳಿ ಸರಿಯುವ ಸದ್ದು ಕೇಳುತ್ತ, ಈಗ ಯಾವ ಮನೆ ತೆರೆಯಿತು ಎಂದು ಹೇಳಬಹುದಾಗಿತ್ತು. ಆ ಸದ್ದಿನಲ್ಲಿ ನಾನು ಬೆಳೆದೆ.

ಎಲ್ಲದರ ಬುಡದಲ್ಲಿ ಹಳೆ ಬೀದಿ. ನೀರಿನ ಮನೆ, ಬೆಂಕಿಯ ಮನೆ, ಉಪ್ಪಿನ ಮನೆ, ಅಳತೆಯ ಮನೆ. ಈ ಮನೆಗಳು ಯಾರನ್ನೂ ಕರೆಯುವುದಿಲ್ಲ. ಎಲ್ಲರೂ ಇವನ್ನು ಕರೆಯುತ್ತಾರೆ.

ಕರೆಯನ್ನು ಹೊತ್ತು ನಡೆಯುವವನು ಒಬ್ಬನೇ. ಅವನನ್ನು ಕರೆಯಾಳು ಎನ್ನುತ್ತೇವೆ. ಅವನಿಗೆ ಕಣ್ಣಿಲ್ಲ. ಗೋಡೆಯ ಮೇಲೆ ಅಂಗೈ ಆಡಿಸುತ್ತ ನಡೆಯುತ್ತಾನೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಹೆಸರು ಉಬ್ಬಿ ನಿಂತಿರುತ್ತದೆ. ಕೆಮ್ಮಣ್ಣಿಗೆ ಬೇಲದ ಅಂಟು ಕಲಸಿ ನಾನು ಬರೆಯುವುದೇ ಅವನ ಕೈಗೆ ಸಿಗಲಿ ಎಂದು. ಅವನ ದಾರಿ ಎಂದೂ ಬದಲಾಗುವುದಿಲ್ಲ. ಮೊದಲು ಹೊಸ ಕೇರಿ, ಆಮೇಲೆ ನಡುಕೇರಿ, ಕೊನೆಗೆ ಹಳೆ ಬೀದಿ. ಕರೆದ ಹೆಸರು ಯಾವ ಗೋಡೆಯ ಮೇಲೆ ಮೊದಲು ಕೈಗೆ ಸಿಕ್ಕಿತೋ ಅಲ್ಲಿ ನಿಲ್ಲುತ್ತಾನೆ, ಬಾಗಿಲು ತಟ್ಟುತ್ತಾನೆ. ಒಳಗೆ ಯಾರಿದ್ದಾರೆ ಎಂದು ಕೇಳುವುದಿಲ್ಲ. ಮುಂದೆ ಅದೇ ಹೆಸರಿನ ಇನ್ನೊಂದು ಮನೆ ಇದೆಯೇ ಎಂದು ನೋಡುವುದಿಲ್ಲ. ಅದು ಅವನ ತಪ್ಪಲ್ಲ. ಅವನು ನಿಂತ ಕಡೆ ಹೆಸರು ಇತ್ತು, ಅವನಿಗೆ ಅಷ್ಟೇ ಗೊತ್ತು.

ಇನ್ನೊಂದು ನಿಯಮ. ನಲವತ್ತು ಬೆಳಗು ಯಾರೂ ಕರೆಯದ ಮನೆಯ ಬಾಗಿಲಿಗೆ ಇಟ್ಟಿಗೆ ಕಟ್ಟುತ್ತಾರೆ. ಒಳಗಿದ್ದವರು ನದಿಯ ಮರಳಿಗೆ ಹೋಗಬೇಕು. ಆಮೇಲೆ ಊರಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವಂತಿಲ್ಲ. ಕ್ರೂರ ಎನ್ನಬೇಡಿ. ಯಾರಿಗೂ ಬೇಡವಾದ ಎಷ್ಟೋ ಕೋಣೆಗಳನ್ನು ಹೀಗೆ ಮುಚ್ಚಿ ಊರು ಹಗುರವಾಗಿದೆ. ನಿಯಮ ಕೆಟ್ಟದ್ದಲ್ಲ. ನಿಯಮದ ಬಾಯಿಗೆ ತಪ್ಪು ಮನೆಯನ್ನು ನೂಕುವವರು ಕೆಟ್ಟವರು.

ಅಳತೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಕೈಯಲ್ಲಿ ಹುಣಸೆ ಮರದ ಒಂದು ಅಳತೆಗೋಲು, ಹಿಡಿದು ಹಿಡಿದು ನಡುವೆ ಸವೆದದ್ದು. ಬೆರಳು, ಗೇಣು, ಮೊಳ, ಮಾರು, ಎಲ್ಲಕ್ಕೂ ಅದರಲ್ಲಿ ಗೀರಿತ್ತು. ನಾನು ಅಕ್ಷರ ಕಲಿತದ್ದು ಬಾಗಿಲು ಬಾಗಿಲು ಅಲೆದು, ಗೋಡೆ ಸವರಿ. ಯಾವ ಗುರುವೂ ನನ್ನನ್ನು ಕೂರಿಸಿಕೊಳ್ಳಲಿಲ್ಲ. ಆದರೆ ಅಕ್ಷರಕ್ಕೆ ಎಷ್ಟು ಎತ್ತರ ಎಂದು ಹೇಳಿಕೊಟ್ಟವಳು ಅವಳು. ಮೂರು ಬೆರಳು. ಅದಕ್ಕಿಂತ ಕಡಿಮೆಯಾದರೆ ಕರೆಯಾಳಿನ ಕೈ ದಾಟಿ ಹೋಗುತ್ತದೆ, ಹೆಚ್ಚಾದರೆ ಬರೆದವನ ಜಂಬ ಕಾಣುತ್ತದೆ ಎಂದಿದ್ದಳು.

ಅವಳ ಬುದ್ಧಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ವರ್ಷ ಬಡಗಿಯ ಮನೆಯೂ ಕಮ್ಮಾರನ ಮನೆಯೂ ತೆರೆಯದೇ ಹೋದವು. ಬಡಗಿ ಉಳಿಗಾಗಿ ಕಮ್ಮಾರನನ್ನು ಕರೆಯುತ್ತಿದ್ದ. ಕಮ್ಮಾರ ಸುತ್ತಿಗೆಯ ಹಿಡಿಗಾಗಿ ಬಡಗಿಯನ್ನು ಕರೆಯುತ್ತಿದ್ದ. ಅವನು ತೆರೆಯಲಿ ಎಂದು ಇವನು, ಇವನು ತೆರೆಯಲಿ ಎಂದು ಅವನು. ಮೂರು ದಿನ ಇಬ್ಬರೂ ಅರ್ಧ ಬಾಗಿಲ ಹಿಂದೆ ನಿಂತು ಒಬ್ಬರನ್ನೊಬ್ಬರು ಬೈದುಕೊಂಡರು. ಹಿರಿಯರು ಪಂಚಾಯಿತಿ ಸೇರಿ, ಯಾರು ಮೊದಲು ಸೋಲಬೇಕು ಎಂದು ಚರ್ಚೆ ಮಾಡಿದರು. ಅಜ್ಜಿ ಬಂದಳು. ಬಡಗಿಯ ಮನೆಯೊಳಗೆ ಹಿಡಿ ಕೆತ್ತುತ್ತಿದ್ದ ಮೂಲೆಯನ್ನು ಎತ್ತಿ ಹೊರಗಿಟ್ಟಳು. ನಡುಕೇರಿಯ ತುದಿಯಲ್ಲಿ ಅದಕ್ಕೊಂದು ಪುಟ್ಟ ಮನೆ ಕಟ್ಟಿಸಿದಳು, ‘ಹಿಡಿ’ ಎಂದು ನನ್ನ ಕೈಯಲ್ಲೇ ಬರೆಸಿದಳು. ಆ ಮನೆ ಯಾರನ್ನೂ ಕರೆಯುವುದಿಲ್ಲ. ಕಮ್ಮಾರ ಅದನ್ನು ಕರೆದ, ಬಡಗಿ ಕಮ್ಮಾರನನ್ನು ಕರೆದ. ಮರುಬೆಳಿಗ್ಗೆ ಅಗುಳಿಗಳು ಸಾಲಾಗಿ ಸರಿದವು. ಯಾರೂ ಸೋಲಲಿಲ್ಲ.

ಇಂಥವಳ ಹೆಸರನ್ನು ನಾವು ಕದ್ದೆವು.

ಕದಿಯಬೇಕು ಎಂದು ಯಾರೂ ಹೊರಡಲಿಲ್ಲ. ಹೊಸ ಕೇರಿಯಲ್ಲಿ ಹಾಯಿ ಹೊಲಿಯುವವನಿದ್ದ. ಬಟ್ಟೆಯ ಅಂಚು ಮಡಿಸಲು ಅವನ ಬಳಿ ಒಂದು ನೂಲಿತ್ತು, ಗಂಟು ಹಾಕಿದ್ದು, ಒಂದು ಗೇಣಿನಷ್ಟು. ಪಕ್ಕದ ಕೋಣೆಯಲ್ಲಿ ಅದನ್ನು ತೂಗುಹಾಕಿ, ಆ ಕೋಣೆಗೊಂದು ಹೆಸರು ಬೇಕು ಎಂದು ನನ್ನನ್ನು ಕರೆಸಿದ. ಏನು ಬರೆಯಲಿ ಎಂದೆ. ಅಳತೆ ಎಂದು ಬರಿ ಎಂದ. ಹಳೆ ಬೀದಿಯಲ್ಲಿ ಆ ಹೆಸರಿನ ಮನೆ ಇದೆಯಲ್ಲ ಎಂದೆ.

“ಅದು ಅಲ್ಲಿ, ಇದು ಇಲ್ಲಿ. ನನ್ನ ಮನೆಯೊಳಗೆ ನಾನು ಕರೆಯೋದಕ್ಕೆ ತಾನೆ,” ಎಂದ ಅವನು. “ಒಳಗಿರೋದು ಅಳತೆ, ಅಳತೆ ಅಂತ ಬರೀದೆ ಕುಂಬಳಕಾಯಿ ಅಂತ ಬರೀತೀಯೇನಯ್ಯ?”

ನಾನು ನಕ್ಕೆ. ನಗುತ್ತಲೇ ಬರೆದೆ. ಮೂರು ಬೆರಳು ಎತ್ತರ, ದಪ್ಪ ಕೆಮ್ಮಣ್ಣು, ಹದವಾದ ಅಂಟು. ಅಷ್ಟು ಚೆಂದದ ಅಕ್ಷರ ನಾನು ಆವರೆಗೆ ಬರೆದಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿಕೊಂಡೆ. ನನ್ನ ತಪ್ಪು ಆ ಎರಡು ಹೆಜ್ಜೆಯಲ್ಲಿತ್ತು. ಅಕ್ಷರ ನೋಡಿದೆ. ಕೇರಿ ನೋಡಲಿಲ್ಲ.

ಮರುಬೆಳಿಗ್ಗೆ ಮೊದಲು ಸಿಕ್ಕಿಬಿದ್ದವನು ಹಾಯಿಯವನೇ. ಕಂಬದ ಎತ್ತರಕ್ಕೆ ಹಾಯಿ ಕತ್ತರಿಸಲು ಅವನಿಗೆ ದಿನವೂ ಅಜ್ಜಿಯ ಕೋಲು ಬೇಕು. ಎಂದಿನಂತೆ ಹೊಸ್ತಿಲ ಮೇಲೆ ನಿಂತು ಅಳತೆ ಎಂದು ಕರೆದ. ಕರೆಯಾಳು ನಾಲ್ಕು ಹೆಜ್ಜೆ ಇಟ್ಟ, ಅವನದೇ ಪಕ್ಕದ ಕೋಣೆಯ ಮುಂದೆ ನಿಂತ, ತಟ್ಟಿದ. ಆ ಕೋಣೆ ತೆರೆಯಬೇಕಾದರೆ ಹಾಯಿಯವನ ಮನೆ ತೆರೆಯಬೇಕು. ಹಾಯಿಯವನ ಮನೆ ತೆರೆಯಬೇಕಾದರೆ ಆ ಕೋಣೆ ತೆರೆಯಬೇಕು. ತನ್ನ ಕರೆಗೆ ತಾನೇ ಓಗೊಡಬೇಕಾಗಿ ಬಂದವನು ಬಾಗಿಲನ್ನು ಅರ್ಧ ತೆರೆದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಬಿಸಿಲು ಏರುವವರೆಗೆ ನಿಂತ. ಎದುರು ಮನೆಯ ಹಗ್ಗದವಳು ಬಾಯಿಗೆ ಸೆರಗು ಒತ್ತಿಕೊಂಡು, “ಏನಣ್ಣ, ನಿಮ್ಮನ್ನ ನೀವೇ ಕರೆದು, ನೀವೇ ಬರಲಿಲ್ಲವಂತೆ?” ಎಂದಳು. ಕೇರಿಯೆಲ್ಲ ನಕ್ಕಿತು. ಕೊನೆಗೆ ಹಾಯಿಯವನು ಅರ್ಧ ಬಾಗಿಲಿನಲ್ಲೇ ನುಸುಳಿ ಹೋಗಿ, ಕಂಬದ ಎತ್ತರವನ್ನು ಕಣ್ಣಂದಾಜಿನಲ್ಲಿ ಹಿಡಿದು ಹಾಯಿ ಕತ್ತರಿಸಿದ. ಅಂದಿನಿಂದ ಅರ್ಧ ಬಾಗಿಲೇ ಅವನಿಗೆ ಅಭ್ಯಾಸವಾಯಿತು.

ಆಮೇಲೆ ಹಲಗೆಯವನು ಕರೆದ. ಅವನಿಗೆ ಬೇಕಾದದ್ದು ಎಂಟು ಮೊಳದ ಅಳತೆ. ಬಂದದ್ದು ಗೇಣು ನೂಲು. ಕರೆದದ್ದು ಬಂದಿತಲ್ಲ ಎಂದು ಗೇಣು ಗೇಣಾಗಿ ಅಳೆದ. ಒಂದೊಂದು ಗೇಣಿಗೆ ಒಂದು ಗೋಧಿಕಾಳಿನಷ್ಟು ತಪ್ಪು. ಎಡಗಡೆಯ ಹಲಗೆ ಒಂದು ಬೆರಳು ಉದ್ದ, ಬಲಗಡೆಯದು ಒಂದು ಬೆರಳು ಕಡಿಮೆ. ದೋಣಿ ಎಡಕ್ಕೆ ವಾಲಿತು. ಸಂಜೆ ನದಿಗೆ ಬಿಟ್ಟರೆ, ಸುತ್ತು ಹಾಕಿಕೊಂಡು, ಕತ್ತಲಾಗುವುದಕ್ಕೆ ಮೊದಲೇ ನಮ್ಮ ದಡಕ್ಕೆ ಬಂದು ಮೂಗು ತಾಕಿಸಿ ನಿಂತಿತು. ಬುತ್ತಿ ಕಟ್ಟಿದ ಹಾಗೇ ಇತ್ತು. ಊರು ಮೊದಲ ಸಲ ತನ್ನದೇ ದೋಣಿ ಹಿಂದಿರುಗಿದ್ದನ್ನು ನೋಡಿತು.

ನೋಡಿ ಏನು ಮಾಡಿತು? ಕೇಳಿ. ಇವತ್ತು ನೀವು ಮಾಡುತ್ತಿರುವುದನ್ನೇ ಮಾಡಿತು.

ಹಿರಿಯರು ಕೂತು ಯೋಚಿಸಿದರು. ಕರೆಯಾಳು ದಾರಿ ತಪ್ಪಿದ್ದಾನೆ ಎಂದರು. ಕೇರಿಯ ಮೂಲೆಯಲ್ಲಿ ಹಗ್ಗ ಕಟ್ಟಿ, ಅವನು ಮೊದಲು ಹಳೆ ಬೀದಿಗೆ ತಿರುಗುವ ಹಾಗೆ ಮಾಡಿದರು. ಅಂದು ಅಳತೆಯ ಕರೆಗೆ ಸರದಿ ಬರುವ ಮೊದಲೇ ಬೇರೆ ನಲವತ್ತು ಕರೆಗಳು ಕೆಟ್ಟವು. ಹೊಸ ಕೇರಿಯವರು ದಿನಾ ಕರೆಯುತ್ತಿದ್ದ ಮನೆಗಳಿಗೆ ಅವನು ಮಧ್ಯಾಹ್ನವಾದರೂ ತಲುಪಲಿಲ್ಲ. ಅಡುಗೆ ತೆರೆಯಲಿಲ್ಲ. ಸಂಜೆಗೆ ದೋಣಿಯೇ ಇಲ್ಲ. ಹಗ್ಗ ಬಿಚ್ಚಿದರು. ಆ ಒಂದು ದಿನವೂ ಅಜ್ಜಿಗೆ ಕರೆ ತಲುಪಲಿಲ್ಲ.

ಆಮೇಲೆ ಎಷ್ಟೋ ಮನೆಯವರು ಗೇಣು ನೂಲಿನದೊಂದು ನಕಲು ಮಾಡಿಕೊಂಡು ತಮ್ಮ ಗೂಟಕ್ಕೆ ನೇತುಹಾಕಿಕೊಂಡರು. ಕರೆಯುವ ರಗಳೆಯೇ ಬೇಡ ಎಂದರು. ಇಪ್ಪತ್ತು ದಿನದಲ್ಲಿ ಊರಲ್ಲಿ ಇಪ್ಪತ್ತಾರು ನೂಲುಗಳಾದವು. ಒಂದು ಬಿಸಿಲಿಗೆ ಕುಗ್ಗಿತು, ಒಂದು ತೇವಕ್ಕೆ ಹಿಗ್ಗಿತು. ಒಂದರ ಗೇಣು ಇನ್ನೊಂದರ ಗೇಣಲ್ಲ. ದೋಣಿಗಳು ಈಗ ಎಡಕ್ಕೂ ವಾಲಿದವು, ಬಲಕ್ಕೂ ವಾಲಿದವು. ದಡದಲ್ಲಿ ಹಿಂದಿರುಗಿದ ದೋಣಿಗಳ ರಾಶಿ ಬೆಳೆಯಿತು. ಅದರ ನೆರಳಲ್ಲಿ ಎಮ್ಮೆಗಳು ಮಲಗಿದವು.

ಮೂವತ್ತನಾಲ್ಕನೆಯ ದಿನ ಹಿರಿಯರು ನನ್ನನ್ನು ಕರೆದು, ಎರಡಕ್ಕೂ ಒಂದೇ ಹೆಸರಿರುವುದೇ ಗೊಂದಲ, ಹಳೆ ಬೀದಿಯ ಮನೆಯ ಮೇಲೆ ‘ಹಳೆ ಅಳತೆ’ ಎಂದು ತಿದ್ದಿ ಬರೆದು ಬಾ ಎಂದರು. ಹೊಸ ಕೇರಿಯ ಗೋಡೆ ಮುಟ್ಟುವುದು ಬೇಡ, ಅಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ ಎಂದರು. ಅಭ್ಯಾಸ. ಈ ಊರಲ್ಲಿ ಎಲ್ಲ ಕಳ್ಳತನಕ್ಕೂ ಕೊನೆಗೆ ಇಡುವ ಹೆಸರು ಅದು.

ನಾನು ಕುಂಚ, ಕುಡಿಕೆ ಹಿಡಿದು ಹೋದೆ.

ಅಜ್ಜಿ ಹೊಸ್ತಿಲ ಮೇಲೆ ನಿಂತಿದ್ದಳು, ಕೋಲು ಹಿಡಿದು, ಸೀರೆ ನೆರಿಗೆ ಒಪ್ಪವಾಗಿ. ಕರೆ ಬಂದ ಕೂಡಲೇ ಹೊರಡುವವಳ ಹಾಗೆ. ಹೊಸ್ತಿಲ ಪಕ್ಕ ಹುಣಸೆ ಬೀಜ ಸಾಲಾಗಿ ಇಟ್ಟಿದ್ದಳು. ಕರೆಯಿಲ್ಲದ ಬೆಳಗಿಗೆ ಒಂದು ಬೀಜ. ನಾನು ಎಣಿಸಬಾರದು ಎಂದುಕೊಂಡು ಎಣಿಸಿದೆ. ಮೂವತ್ತನಾಲ್ಕು.

ಬಂದ ಕೆಲಸ ಹೇಳಿದೆ. ಅವಳು ಸಿಟ್ಟಾಗಲಿಲ್ಲ.

“ನನ್ನ ಹೆಸರಿಗೆ ಬಾಲ ಕಟ್ಟಬೇಡ ಮಗಾ,” ಎಂದಳು. “ಹಲಗೆಯವನು ಅಳತೆ ಅಂತ ಕರೀತಾನೆ. ಅವರಪ್ಪನೂ ಹಾಗೇ ಕರೀತಿದ್ದ. ನೀನು ನನ್ನ ಬಾಗಿಲಲ್ಲಿ ಬೇರೆ ಬರೆದರೆ, ಅವರೆಲ್ಲರ ನಾಲಿಗೇನೂ ತಿದ್ದಿ ಬರ್ತೀಯಾ?”

ನಾನು ಕುಡಿಕೆಯನ್ನು ನೆಲಕ್ಕಿಟ್ಟೆ.

“ಆ ಕೇರೀಲಿ ಬರೆದೋನು ಯಾರು?”

“ನಾನೇ ಅಜ್ಜಿ.”

“ಅಕ್ಷರ ಚೆನ್ನಾಗಿ ಬಿದ್ದಿದೆಯಾ?”

“ಬಿದ್ದಿದೆ.”

“ಎಷ್ಟು ಬೆರಳು?”

“ಮೂರು.”

ಅವಳು ಸ್ವಲ್ಪ ಹೊತ್ತು ಕೋಲಿನ ಸವೆದ ನಡುವನ್ನು ಸವರಿದಳು. “ಹಾಗಾದ್ರೆ ಅಳಿಸೋದು ಕಷ್ಟ,” ಎಂದಳು. ಹೊಗಳಿದಳೋ ಬೈದಳೋ ನನಗೆ ಇಂದಿಗೂ ತಿಳಿದಿಲ್ಲ. ಮಜ್ಜಿಗೆ ಕುಡಿದು ಹೋಗು ಎಂದಳು. ಕುಡಿದೆ. ಕುಡಿಕೆಯ ಕೆಮ್ಮಣ್ಣನ್ನು ಅವಳ ಅಂಗಳದ ಚರಂಡಿಗೆ ಸುರಿದು ಬಂದೆ.

ಹೊಸ ಕೇರಿಗೆ ಹೋಗಿ ಹಾಯಿಯವನ ಅರ್ಧ ಬಾಗಿಲಲ್ಲಿ ಕೂತೆ. ನಿನ್ನ ಕೋಣೆಯಲ್ಲಿರುವುದು ಅಳತೆಯಲ್ಲ, ಅಂಚು ಮಡಿಸುವ ನೂಲು. ಎಲ್ಲಿದೆಯೋ ಅದನ್ನು ಹೇಳು, ಏನಿದೆಯೋ ಅದನ್ನು ಹೇಳು ಎಂದೆ. ‘ಹೊಸ ಕೇರಿ, ಹಾಯಿ ಮನೆ, ಅಂಚಿನ ನೂಲು’ ಎಂದು ಹೆಸರಿಡೋಣ ಎಂದೆ.

“ಇಷ್ಟುದ್ದ ಹೆಸರು ಕರೆದು ಮುಗಿಸೋ ಹೊತ್ತಿಗೆ ಊಟದ ಹೊತ್ತಾಗುತ್ತೆ,” ಎಂದ.

“ಆಗಲಿ. ಬೇರೆಯವರ ಅನ್ನ ಉಂಡ ಹಾಗಂತೂ ಆಗೋದಿಲ್ಲ.”

ಅವನ ಮುಖ ಕೆಂಪಾಯಿತು. ಒಂದು ದಿನವಿಡೀ ನನ್ನ ಜೊತೆ ಮಾತಾಡಲಿಲ್ಲ. ಆದರೆ ಅವನು ಕೆಟ್ಟವನಲ್ಲ. ತನ್ನ ಹಾಯಿ ಕಂಬಕ್ಕೆ ಸರಿಯಾಗಿ ಕೂರದೆ ಮೂವತ್ತೈದು ದಿನ ಆಗಿತ್ತು, ಅದು ಅವನನ್ನು ಒಳಗೇ ತಿನ್ನುತ್ತಿತ್ತು. ಮರುದಿನ, ಬರಿ, ಆದರೆ ಅಕ್ಷರ ಚೆಂದವಿರಲಿ ಎಂದ. ಕೋಣೆಯ ಬಾಗಿಲ ಆಚೆ ಬದಿಗೆ ಹೊಸ ಹೆಸರು ಬರೆದೆ.

ಹೆಸರು ಬದಲಿಸಿ ಮನೆಗೆ ಹೋಗಿ ಮಲಗುವವನು ಹೆಸರು ಬರೆಯುವವನಲ್ಲ. ಅಂಚಿಗಾಗಿಯೇ ಆ ಕೋಣೆಯನ್ನು ಕರೆಯುತ್ತಿದ್ದ ಮನೆಗಳು ಒಂಬತ್ತು. ಅವರಿಗೆ ಹೇಳದಿದ್ದರೆ ನಾಳೆ ಬೆಳಿಗ್ಗೆ ರವಿಕೆಯ ಅಂಚು ಮಡಿಸಲು ಹುಣಸೆ ಕೋಲು ಬಂದು ನಿಲ್ಲುತ್ತದೆ. ಒಂಬತ್ತು ಹೊಸ್ತಿಲಿಗೂ ಹೋಗಿ, ಅವರ ಕರೆಯ ಪಟ್ಟಿಯನ್ನು ಬಾಯಲ್ಲಿ ಹೇಳಿಸಿ, ಹಳೆ ಹೆಸರಿನ ಜಾಗದಲ್ಲಿ ಹೊಸದನ್ನು ಕೂರಿಸಿದೆ. ಮೂರು ಮೂರು ಸಲ ಹೇಳಿಸಿದೆ. ಗೂಟದಲ್ಲಿ ನೇತಾಡುತ್ತಿದ್ದ ಇಪ್ಪತ್ತಾರು ನೂಲುಗಳನ್ನು ಬಿಚ್ಚಿಸಿ ಒಲೆಗೆ ಹಾಕಿಸಿದೆ. ಎರಡು ದಿನ ಹಿಡಿಯಿತು. ಮೂವತ್ತೆಂಟನೆಯ ದಿನ ನನ್ನ ಆ ಚೆಂದದ ಅಕ್ಷರದ ಮೇಲೆ ಎರಡು ಪದರ ಸುಣ್ಣ ಬಳಿದೆ. ಗೋಡೆ ಬೆಳ್ಳಗಾಯಿತು. ಸುಣ್ಣದ ಕೈಯಲ್ಲೇ ಹಣೆ ಒರೆಸಿಕೊಂಡು ನೆಮ್ಮದಿಯಾಗಿ ಮಲಗಿದೆ.

ಮೂವತ್ತೊಂಬತ್ತನೆಯ ಬೆಳಿಗ್ಗೆ ಹಲಗೆಯವನು ಅಳತೆ ಎಂದು ಕರೆದ. ಕರೆಯಾಳು ಹೊಸ ಕೇರಿಗೆ ಬಂದ, ಬೆಳ್ಳಗಿನ ಗೋಡೆಯ ಮೇಲೆ ಅಂಗೈ ಇಟ್ಟ, ನಿಂತ, ತಟ್ಟಿದ.

ಹೆಸರಿಲ್ಲದ ಗೋಡೆಯಲ್ಲಿ ಅವನಿಗೆ ಹೆಸರು ಸಿಕ್ಕಿದ್ದು ಹೇಗೆ? ಯಾರೋ ಮೋಸ ಮಾಡಿದ್ದಾರೆ ಎಂದುಕೊಂಡೆ. ಒಂಬತ್ತು ಮನೆಗೂ ಮತ್ತೆ ಓಡಿದೆ. ಯಾರು ಹಳೆ ಹೆಸರಿಗೆ ಅಂಟಿಕೊಂಡಿದ್ದೀರಿ ಎಂದು ಕೂಗಾಡಿದೆ. ಹಗ್ಗದವಳು ನನ್ನ ಎದುರು ನಿಂತು ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಿದಳು. “ನಮ್ಮ ನಾಲಿಗೆ ನೆಟ್ಟಗಿದೆ ಕಣಯ್ಯ, ನಿನ್ನ ಗೋಡೆ ನೋಡಿಕೋ,” ಎಂದಳು. ಅವರಲ್ಲಿ ತಪ್ಪಿರಲಿಲ್ಲ. ಸಂಜೆ ಆ ಗೋಡೆಯ ಮುಂದೆ ಬಂದು ನಿಂತೆ. ಎಷ್ಟು ನೋಡಿದರೂ ಬಿಳುಪು. ಕೊನೆಗೆ ಕಣ್ಣು ಮುಚ್ಚಿ, ಕರೆಯಾಳಿನ ಹಾಗೆ ಅಂಗೈ ಆಡಿಸಿದೆ.

ಅಲ್ಲಿತ್ತು. ಸುಣ್ಣದ ಕೆಳಗೆ, ಹಳೆ ಗಾಯದ ಕಲೆಯ ಹಾಗೆ ಉಬ್ಬಿ, ಮೂರು ಬೆರಳು ಎತ್ತರ. ಕಣ್ಣಿಗಷ್ಟೇ ಸತ್ತಿತ್ತು. ಕೈಗೆ ಬದುಕಿತ್ತು.

ಉಳಿ ತರಲು ಹೊರಟೆ. ದೀಪ ಹಚ್ಚುವ ಹೊತ್ತಿನಲ್ಲಿ ಗೋಡೆ ಕೆತ್ತಬಾರದು, ಮನೆಗೆ ಒಳ್ಳೆಯದಲ್ಲ, ಬೆಳಿಗ್ಗೆ ಬಾ ಎಂದು ಹಾಯಿಯವನ ಹೆಂಡತಿ ತಡೆದಳು. ಬೆಳಿಗ್ಗೆ ನಲವತ್ತು. ಇಟ್ಟಿಗೆ ಕಟ್ಟುವ ಬೆಳಿಗ್ಗೆ ಮೊದಲ ಕರೆ ಗೋಡೆ ಕಟ್ಟುವವನದು. ಉಳಿದವರ ಕರೆ ಅವನ ಕೆಲಸ ಮುಗಿದ ಮೇಲೆ. ಹಲಗೆಯವನು ಕರೆದು ಅಜ್ಜಿಯನ್ನು ಉಳಿಸಿಕೊಳ್ಳುವ ದಾರಿಯೂ ಉಳಿದಿರಲಿಲ್ಲ.

ಮೂಡಲು ಬೆಳ್ಳಗಾಗುತ್ತಿದ್ದಂತೆ ಗೋಡೆಗೆ ಉಳಿ ಇಟ್ಟೆ. ಕರೆಯ ಹೊತ್ತಿನಲ್ಲಿ ಊರಲ್ಲಿ ಯಾರೂ ಸದ್ದು ಮಾಡುವುದಿಲ್ಲ. ನಾನು ಮಾಡಿದೆ. ಕಿಟಕಿಗಳು ತೆರೆದವು. ಕರೆ ಕೇಳದ ಹಾಗೆ ಮಾಡ್ತಿದ್ದೀಯಾ ಎಂದು ಯಾರೋ ಬೈದರು. ನಾನು ನಿಲ್ಲಿಸಲಿಲ್ಲ. ಸುಣ್ಣ ಎದ್ದಿತು, ಕೆಮ್ಮಣ್ಣು ಎದ್ದಿತು, ಗೋಡೆಯ ಮಣ್ಣು ಉದುರಿತು. ಬೇಲದ ಅಂಟು ಕಲ್ಲಾಗಿತ್ತು. ನನ್ನ ಕೈಯ ಹದವನ್ನು ನಾನೇ ಶಪಿಸಿಕೊಂಡೆ.

ಅಷ್ಟರಲ್ಲಿ ಹಳೆ ಬೀದಿಯ ಕಡೆಯಿಂದ ಗೋಡೆ ಕಟ್ಟುವವನ ದನಿ ಬಂತು. ಅವನು ಇಟ್ಟಿಗೆ ಹೊತ್ತು ಅಜ್ಜಿಯ ಬಾಗಿಲ ಮುಂದೆ ನಿಂತಿದ್ದ. ಬಾಗಿಲಿನ ಅಗಲ ಎತ್ತರ ತಿಳಿಯದೆ ಅವನು ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಪದ್ಧತಿಯಂತೆ ತಲೆಯೆತ್ತಿ ಕರೆದ.

“ಅಳತೆ.”

ನನ್ನ ಉಳಿ ಅಲ್ಲೇ ನಿಂತಿತು. ಅಜ್ಜಿಯ ಬಾಗಿಲು ಮುಚ್ಚಲು ಬಂದವನಿಗೂ ಅಳತೆ ಬೇಕು. ಈ ಒಂದು ಕರೆ ಈ ಗೋಡೆ ದಾಟಿದರೆ ಸಾಕು.

ಕರೆಯಾಳು ಕೇರಿಯ ತುದಿಯಲ್ಲಿ ಕಾಣಿಸಿದ. ಅಂಗೈ ಗೋಡೆಯ ಮೇಲೆ, ಹೆಜ್ಜೆ ಒಂದೇ ಸಮ. ನನ್ನ ಮುಂದೆ ಇನ್ನೂ ಒಂದು ಅಕ್ಷರದ ಬುಡ ಉಳಿದಿತ್ತು. ಉಳಿ ಬಿಟ್ಟು ಉಗುರಿನಲ್ಲಿ ಕೆರೆದೆ. ಹಾಯಿಯವನು ಅರ್ಧ ಬಾಗಿಲು ದಾಟಿ ಹೊರಬಂದ, ತನ್ನ ಕತ್ತರಿಯ ಮೊನೆಯಿಂದ ಅವನೂ ಕೆರೆದ. ಸ್ವಂತ ಗೋಡೆಯನ್ನು. ಕರೆಯಾಳಿನ ಕೈ ನಮ್ಮಿಬ್ಬರ ಕೈಗಳ ನಡುವೆ ಬಂತು. ಬರಿ ಮಣ್ಣಿನ ಮೇಲೆ ಕೂತಿತು. ಅಷ್ಟೊಂದು ಬೆಳಗು ನಿಂತ ಜಾಗವಲ್ಲವೆ, ಕೈಗೆ ನೆನಪಿತ್ತು. ಬೆರಳುಗಳು ಹಿಂದೆ ಹೋದವು, ಮುಂದೆ ಬಂದವು, ಹುಡುಕಿದವು.

ನಾನೂ ಹಾಯಿಯವನೂ ನಮ್ಮ ಕೈ ಹಿಂದಕ್ಕೆ ತೆಗೆದೆವು.

ಕೈ ಸರಿಯಿತು. ಬಾಗಿಲು ದಾಟಿ, ‘ಹೊಸ ಕೇರಿ, ಹಾಯಿ ಮನೆ, ಅಂಚಿನ ನೂಲು’ ಎಂಬುದರ ಮೇಲೆ ಆಡಿ, ನಿಲ್ಲದೆ ಮುಂದೆ ಹೋಯಿತು. ನಾನೂ ಹಾಯಿಯವನೂ ಅವನ ಹಿಂದೆ ನಡೆದೆವು. ಹಗ್ಗದವಳು ಇಳಿದು ಬಂದಳು. ನಡುಕೇರಿ ಕಳೆಯಿತು. ಹಳೆ ಬೀದಿಯಲ್ಲಿ ನೀರು ಕಳೆಯಿತು, ಬೆಂಕಿ ಕಳೆಯಿತು, ಉಪ್ಪು ಕಳೆಯಿತು. ಇಟ್ಟಿಗೆಯವನ ಪಕ್ಕದಲ್ಲಿ ಹಾದು, ಕರೆಯಾಳು ಅಜ್ಜಿಯ ಗೋಡೆಯ ಮೇಲೆ ಕೈಯಿಟ್ಟ. ನಿಂತ. ತಟ್ಟಿದ.

ಬಾಗಿಲು ತೆರೆಯಿತು. ಅಜ್ಜಿ ನಲವತ್ತನೆಯ ಬೀಜ ಹಿಡಿದಿದ್ದಳು.

“ಯಾರು ಕರೆದದ್ದು?” ಎಂದಳು.

“ನಾನಮ್ಮ,” ಎಂದ ಗೋಡೆ ಕಟ್ಟುವವನು. ಅವನಿಗೆ ಏನಾಯಿತೆಂದು ಆಗಷ್ಟೇ ತಿಳಿಯುತ್ತಿತ್ತು.

“ಯಾವುದಕ್ಕೆ ಅಳತೆ?”

ಅವನು ನೆಲ ನೋಡಿದ. “ಈ ಬಾಗಿಲಿಗೆ.”

ಅವಳು ಬೀಜವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೋಲೆತ್ತಿ ತನ್ನದೇ ಬಾಗಿಲಿಗೆ ಹಿಡಿದಳು, ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ. ಅವಸರವಿಲ್ಲ. ಯಾರ ಬಾಗಿಲಾದರೂ ಅವಳು ಹಾಗೇ ಹಿಡಿಯುತ್ತಿದ್ದಳು.

“ಅಗಲ ಎರಡು ಮೊಳ, ಮೂರು ಬೆರಳು. ಎತ್ತರ ಮೂರು ಮೊಳ, ಒಂದು ಗೇಣು. ಬಲಗಡೆ ಒಂದು ಬೆರಳು ತಗ್ಗಿದೆ, ಅಲ್ಲಿ ಗಾರೆ ಜಾಸ್ತಿ ಹಾಕು.”

ಅವನು ತಲೆಯ ಮೇಲಿನ ಇಟ್ಟಿಗೆ ಇಳಿಸಿ, ಅವುಗಳ ಮೇಲೇ ಕೂತುಬಿಟ್ಟ. “ಕರೆ ಬಂದ ಮನೆಗೆ ಗೋಡೆ ಕಟ್ಟೋ ಹಾಗಿಲ್ಲಮ್ಮ,” ಎಂದ.

“ಕರೆದೋನು ನೀನೇ ಅಲ್ವೇನಪ್ಪ.”

“ನಾನೇ.”

ಅವಳು ಸೊಂಟದ ಬೀಜ ತೆಗೆದು ಅವನ ಅಂಗೈಯಲ್ಲಿಟ್ಟಳು. ಉಳಿದ ಮೂವತ್ತೊಂಬತ್ತನ್ನು ಪೊರಕೆಯಲ್ಲಿ ಅಂಗಳಕ್ಕೆ ಗುಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ನನ್ನ ಉಗುರು ನೋಡಿದಳು. ಮಜ್ಜಿಗೆ ತರಲು ಒಳಗೆ ಹೋದಳು.

ಅಂದು ಹಲಗೆಯವನಿಗೆ ಎಂಟು ಮೊಳ ಸಿಕ್ಕಿತು. ಹಾಯಿಯವನ ಬಾಗಿಲು ಪೂರ್ತಿ ತೆರೆಯಿತು; ತಿಂಗಳು ಮುಚ್ಚಿದ್ದ ಆ ಅರ್ಧದ ತಿರುಗಣಿ ಕಿರುಗುಟ್ಟಿದ್ದು ಹಳೆ ಬೀದಿಗೂ ಕೇಳಿತಂತೆ. ಸಂಜೆ ದೋಣಿ ನದಿಗಿಳಿಯಿತು. ವಾಲಲಿಲ್ಲ, ಸುತ್ತಲಿಲ್ಲ. ನೇರವಾಗಿ ಹೋಗಿ, ಚಿಕ್ಕದಾಗಿ, ಇಲ್ಲವಾಯಿತು. ನಾವು ದಡದಲ್ಲಿ ಕತ್ತಲಾಗುವವರೆಗೂ ನಿಂತಿದ್ದೆವು. ಅದು ಹಿಂದಿರುಗಲಿಲ್ಲ. ಆಗ ಯಾರೋ ಹಾಡತೊಡಗಿದರು. ಆ ಸಂಜೆಯಂಥ ಸಂಜೆ ನನಗೆ ಮತ್ತೆ ಸಿಗಲಿಲ್ಲ, ಸಿಕ್ಕಿದ್ದರೂ ನಾನು ಅಷ್ಟು ಎಳೆಯವನಾಗಿರಲಿಲ್ಲ.

ಅಜ್ಜಿ ಈಗಿಲ್ಲ. ಕೋಲು ಇದೆ. ಮನೆಯಲ್ಲಿ ಬೇರೆಯವಳು ಇದ್ದಾಳೆ, ಅಳತೆ ಎಂದು ಕರೆದರೆ ಬರುತ್ತಾಳೆ. ಮನೆಗೆ ಹೆಸರು ಉಳಿದರೆ ಮನುಷ್ಯರು ನೆಮ್ಮದಿಯಾಗಿ ಸಾಯಬಹುದು. ಗೋಡೆ ಕಟ್ಟುವವನು ಇಳಿಸಿಟ್ಟ ಇಟ್ಟಿಗೆಗಳು ಇಂದಿಗೂ ಆ ಬಾಗಿಲ ಪಕ್ಕದಲ್ಲಿವೆ. ದಣಿದವರು ಕೂರುತ್ತಾರೆ. ನೀವೂ ಕೂತಿದ್ದೀರಿ. ಏಕೆ ಅಲ್ಲಿವೆ ಎಂದು ಕೇಳಲಿಲ್ಲ.

ಈಗ ಉಪ್ಪು. ನಿಮ್ಮ ಬುತ್ತಿ ಸಪ್ಪೆಯಾಗಿದೆ. ದೋಣಿ ತಲುಪುತ್ತಿದೆ, ಬುತ್ತಿ ನೀರಲ್ಲಿ ತೇಲಿ ಹಿಂದಿರುಗುತ್ತಿದೆ. ಆಚೆ ದಡದವರು ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟು, ಮತ್ತೆ ಕಟ್ಟಿ ಬಿಟ್ಟಿದ್ದಾರೆ. ನೀವು ಅದೇ ಮೂಲೆಯಲ್ಲಿ ಹಗ್ಗ ಕಟ್ಟುತ್ತಿದ್ದೀರಿ, ಮನೆ ಮನೆಗೂ ಒಂದೊಂದು ಭರಣಿ ಹಂಚುತ್ತಿದ್ದೀರಿ, ಉಪ್ಪಿನವನ ಬಾಗಿಲಲ್ಲಿ ‘ಹಳೆ ಉಪ್ಪು’ ಎಂದು ಬರೆಯಲು ನಿನ್ನೆ ನನ್ನ ಬಳಿಗೇ ಆಳು ಕಳಿಸಿದ್ದೀರಿ. ನಾನು ಬರೆಯುವುದಿಲ್ಲ. ಕೆತ್ತಲು ನನ್ನ ಕೈ ಈಗ ನಡುಗುತ್ತದೆ. ನಡುಗದ ಕೈಗಳು ನಿಮ್ಮಲ್ಲಿ ನೂರಿವೆ.

ಉಪ್ಪಿನವನು ಇಂದು ಬೆಳಿಗ್ಗೆಯೂ ನಿಂತಿದ್ದ. ಹನ್ನೊಂದು ಬೆಳಗು ಉಳಿದಿದೆ. ಆ ಕೋಣೆಗೆ ಅದರದೇ ಹೆಸರಿಡಿ. ಅದನ್ನು ಕರೆಯುವ ಪ್ರತಿ ಹೊಸ್ತಿಲಿಗೂ ಹೋಗಿ ಹೇಳಿ. ಸುಣ್ಣ ಬಳಿಯಬೇಡಿ, ಸುಣ್ಣ ನಿಮ್ಮ ಕಣ್ಣಿಗೆ ಮಾತ್ರ ಸಮಾಧಾನ. ಉಳಿ ನನ್ನ ಜಗಲಿಯ ಮೇಲಿದೆ. ಈಗಲೇ ಎದ್ದು ಬನ್ನಿ, ಎತ್ತಿಕೊಳ್ಳಿ, ಮಣ್ಣು ಕಾಣುವ ತನಕ ಕೆತ್ತಿ.